ಕೈ ಅಳತೆಯ ಚಾಕು

ಸಿಂಧನೂರಿನ ತಾಲೂಕು ಕಚೇರಿಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ಮುಜಾಹಿದನ ಬಲಗೈ ಹೆಬ್ಬೆರಳಿನ ಉಗುರು ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಮುರಿಯಿತು. ಹನ್ನೆರಡಕ್ಕೆ ಸುದ್ದಿ ಗೊರೇಬಾಳಕ್ಕೆ ಹೋಯಿತು, ಒಂದಕ್ಕೆ ಮಸ್ಕಿ ಮುಟ್ಟಿತು, ಎರಡೂವರೆಗೆ ಲಿಂಗಸುಗೂರು ತಲುಪುವಷ್ಟರಲ್ಲಿ ಅವನ ಹೆಬ್ಬೆರಳೇ ಹೋಗಿತ್ತು. ಒಬ್ಬನ ಉಗುರಿಗೆ ಮೂರು ಊರಿನವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಾದರೆ ಕಾರಣ ಇರಲೇಬೇಕಲ್ಲ. ಕಾರಣ ಒಂದು ಚಾಕು. ಆ ಚಾಕುವಿನ ಹಿಂದೆ ಒಂದು ಮದುವೆ.

ಮಸ್ಕಿಯಲ್ಲಿ ಮಡಚುವ ಚಾಕು ಮಾಡುವ ಖಾಜಾಸಾಬ್ ಎಂಬ ಹಿರಿಯರಿದ್ದಾರೆ. ಪ್ಲಾಸ್ಟಿಕ್ ಹಿಡಿಯ ಚಾಕು ಕಿರಾಣಿ ಅಂಗಡಿಯಲ್ಲೇ ನೇತಾಡುವ ಈ ಕಾಲದಲ್ಲೂ ಅವರ ಚಾಕುವಿಗಾಗಿ ಜನ ತಿಂಗಳುಗಟ್ಟಲೆ ಕಾಯುತ್ತಾರೆ. ಅದು ಅಲಗಿನ ಹರಿತಕ್ಕಲ್ಲ, ಬಿಗಿಗೆ. ಚಾಕು ಬೇಕೆಂದು ಹೋದವನಿಗೆ ಖಾಜಾಸಾಬರು ಉದ್ದ ಎಷ್ಟು, ಅಗಲ ಎಷ್ಟು ಎಂದು ಕೇಳುವುದಿಲ್ಲ. ಎದುರಿಗೆ ಕೂರಿಸಿಕೊಂಡು, ಊರು, ಕೆಲಸ ವಿಚಾರಿಸುತ್ತಾ, ಬಲಗೈಯನ್ನು ತಮ್ಮ ಕೈಯೊಳಗೆ ಹಿಡಿದು ಒತ್ತು ಎನ್ನುತ್ತಾರೆ. ಅವನು ಒತ್ತುತ್ತಾನೆ. ಅವರು ಕಣ್ಣು ಮುಚ್ಚಿ ‘ಹೂಂ’ ಎನ್ನುತ್ತಾರೆ. ಅಳತೆ ಮುಗಿಯಿತು. ಹಿಡಿಯೊಳಗೆ ಕೂರುವ ಸ್ಪ್ರಿಂಗು ಆ ಕೈಗೆ ತಕ್ಕ ಹಾಗೆ ತಯಾರಾಗುತ್ತದೆ. ಕೆಸರು ಕೈಯಲ್ಲಿ ಚಾಕು ಬಿಚ್ಚಬೇಕಾದ ತುರ್ವಿಹಾಳದ ಭತ್ತದ ರೈತನಿಗೆ ಸಡಿಲ; ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡ ಹತ್ತಿ ಇಳಿಯುವ ಕುರಿಗಾಹಿಗೆ ಬಿಗಿ, ಇಲ್ಲವಾದರೆ ಅದು ತಾನಾಗಿ ಬಿಚ್ಚಿಕೊಂಡು ತೊಡೆಗೆ ನಾಟುತ್ತದೆ. ಒಬ್ಬರ ಚಾಕು ಇನ್ನೊಬ್ಬರಿಗೆ ಒಗ್ಗುವುದಿಲ್ಲ. ಚಹಾದಂಗಡಿಯಲ್ಲಿ ಯಾರಾದರೂ ತನ್ನ ತಾಕತ್ತಿನ ಬಗ್ಗೆ ಕೊಚ್ಚಿಕೊಂಡರೆ, ಮೊದಲು ನಿನ್ನ ಚಾಕು ತೋರಿಸು ಎಂದು ಬಾಯಿ ಮುಚ್ಚಿಸುವುದು ಈ ಕಡೆಯ ರೂಢಿ.

ಈ ಖಾಜಾಸಾಬರಿಗೆ ಅಸ್ಮಾ ಒಬ್ಬಳೇ ಮಗಳು. ಬಿ.ಎ. ಮುಗಿಸಿ ಯಾವುದೋ ಅರ್ಜಿಗೆ ಅಂಕಪಟ್ಟಿಯ ನಕಲು ಬೇಕೆಂದು ಒಂದು ದಿನ ಸಿಂಧನೂರಿಗೆ ಬಂದವಳು ಮುಜಾಹಿದನ ಅಂಗಡಿ ಹತ್ತಿದಳು. ಅವಳ ಬೆರಳ ತುದಿಗಳು ಕಪ್ಪಾಗಿದ್ದವು. ತನ್ನ ಮೆಷಿನ್ನಿನ ಮಸಿ ಮೆತ್ತಿಕೊಂಡಿತೆಂದು ಗಾಬರಿಯಾದ ಮುಜಾಹಿದ ಮೂರು ಸಲ ಮಾಫಿ ಕೇಳಿ, ಮೆಷಿನ್ ಒರೆಸಿ, ಟೇಬಲ್ ಒರೆಸಿ, ಕೊನೆಗೆ ಅವಳ ಅಂಕಪಟ್ಟಿಯನ್ನೂ ಒರೆಸಲು ಹೊರಟ. ಅಸ್ಮಾ ನಕ್ಕುಬಿಟ್ಟಳು. ಆ ದಿನದಿಂದ ಅವನು ಎರಡು ನಕಲು ಕೇಳಿದವರಿಗೆ ನಾಲ್ಕು ತೆಗೆದುಕೊಡತೊಡಗಿದ. ಮೂವತ್ಮೂರು ವರ್ಷವಾದರೂ ಮದುವೆಯ ಮಾತೆತ್ತದ ಮಗ ಒಂದು ಹುಡುಗಿಯ ಹೆಸರು ಹೇಳಿದನಲ್ಲ ಎಂದು ತಾಯಿಗೆ ಆದ ಸಂತೋಷಕ್ಕೆ ಮಿತಿಯಿರಲಿಲ್ಲ. ಅಂದೇ ಮಸ್ಕಿಗೆ ಹೇಳಿ ಕಳಿಸಿದಳು. ಹುಡುಗನನ್ನು ಕರೆದುಕೊಂಡು ಬನ್ನಿ, ನೋಡೋಣ ಎಂದು ಉತ್ತರ ಬಂತು.

ಇಷ್ಟಕ್ಕೇ ಬಿಟ್ಟಿದ್ದರೆ ಎಲ್ಲ ಸರಳವಾಗಿ ಮುಗಿಯುತ್ತಿತ್ತು. ಆದರೆ ಝೆರಾಕ್ಸ್ ಅಂಗಡಿಯ ಪಕ್ಕದಲ್ಲೇ ಲಕ್ಷ್ಮಣನ ಹೋಟೆಲ್ಲಿದೆ. ಲಕ್ಷ್ಮಣನಿಗೆ ಗೊತ್ತಿಲ್ಲದ ವಿಷಯ ಪ್ರಪಂಚದಲ್ಲಿಲ್ಲ. ಸರಿಯಾಗಿ ಗೊತ್ತಿರುವುದು ಮಾತ್ರ ಬಹಳ ಕಡಿಮೆ. ಹೋದ ವರ್ಷ ಒಬ್ಬ ಬ್ಯಾಂಕ್ ನೌಕರ ಅಸ್ಮಾಳನ್ನು ನೋಡಲು ಹೋಗಿದ್ದ, ಖಾಜಾಸಾಬರು ಅವನ ಕೈ ಒತ್ತಿ ನೋಡಿ, ಈ ಮೆತ್ತನೆ ಕೈಗೆ ಮಗಳನ್ನು ಕೊಡುವುದಿಲ್ಲ ಎಂದು ವಾಪಸ್ ಕಳಿಸಿದರು ಎಂದು ಲಕ್ಷ್ಮಣ ಕಣ್ಣಾರೆ ಕಂಡವನ ಹಾಗೆ ಹೇಳಿದ. ಆ ಬ್ಯಾಂಕಿನವನು ಬೈಕು ಕೇಳಿದ್ದಕ್ಕೆ ಸಂಬಂಧ ಮುರಿದಿತ್ತು. ಅದು ಇಡೀ ಮಸ್ಕಿಗೆ ಗೊತ್ತಿತ್ತು, ಲಕ್ಷ್ಮಣನೊಬ್ಬನಿಗೆ ಗೊತ್ತಿರಲಿಲ್ಲ.

ಮುಜಾಹಿದ ತನ್ನ ಕೈ ನೋಡಿಕೊಂಡ. ಹನ್ನೆರಡು ವರ್ಷ ಕಾಗದ ತಿರುವಿದ ಕೈ. ಬೆರಳಿನಲ್ಲಿ ಗೆಣ್ಣಿದೆಯೋ ಇಲ್ಲವೋ ಎಂದು ಹುಡುಕಬೇಕು, ಅಷ್ಟು ನುಣುಪು. ಲಕ್ಷ್ಮಣ ಅಭಯ ಕೊಟ್ಟ. ಹತ್ತು ದಿನ ತನ್ನ ಹೋಟೆಲ್ಲಿನ ಚಪಾತಿ ಹಿಟ್ಟು ನಾದಿದರೆ ಯಾವ ಕೈಯಾದರೂ ಕಬ್ಬಿಣವಾಗುತ್ತದೆ ಎಂದ. ಹತ್ತು ದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಮುಜಾಹಿದ ಹಿಟ್ಟು ನಾದಿದ. ಹಿಟ್ಟು ಮುಗಿದ ಮೇಲೆ ಒದ್ದೆ ಒರೆಸುಬಟ್ಟೆ ಹಿಂಡಿದ. ಆ ಹತ್ತು ದಿನ ಲಕ್ಷ್ಮಣನ ಚಪಾತಿ ಎಷ್ಟು ಮೃದುವಾಗಿದ್ದವೆಂದರೆ ಕೋರ್ಟಿನ ವಕೀಲರೂ ಬಂದು ಹೊಗಳಿಹೋದರು.

ಹನ್ನೊಂದನೆಯ ದಿನ ಮಸ್ಕಿ. ಖಾಜಾಸಾಬರು ಬಾಗಿಲಿಗೆ ಬಂದು, ಆರಾಮ ಅದೀರೇನು ಎಂದು ಕೈ ಚಾಚಿದರು. ಅವರು ಅಳತೆ ತೆಗೆಯಲು ಚಾಚಿರಲಿಲ್ಲ, ಮನೆಗೆ ಬಂದವರಿಗೆ ಕೈ ಕೊಡುವ ಮರ್ಯಾದೆ ಅದು. ಮುಜಾಹಿದನಿಗೆ ಅದೆಲ್ಲಿ ತಿಳಿಯಬೇಕು? ಓಡುವ ಬಸ್ಸಿನ ಸರಳು ಹಿಡಿದವನ ಹಾಗೆ ಆ ಕೈಯನ್ನು ಹಿಡಿದು, ಹತ್ತು ದಿನದ ಹಿಟ್ಟನ್ನೆಲ್ಲ ನೆನೆದು, ಉಸಿರು ಕಟ್ಟಿ ಒತ್ತಿದ. ಖಾಜಾಸಾಬರ ಕಣ್ಣು ಅಗಲವಾಯಿತು. ಆಮೇಲೆ ಅದೇ ಕಣ್ಣಲ್ಲಿ ನೀರು ಬಂತು. ಅವರು ಬಹಳ ಹೊತ್ತು ತಮ್ಮ ಕೈಯನ್ನೇ ನೋಡಿಕೊಂಡು, ‘ಭೇಷ್’ ಎಂದರು.

ನಾಲ್ಕು ದಿನದಲ್ಲಿ ಒಪ್ಪಿಗೆ ಬಂತು. ಆರು ವಾರ ಬಿಟ್ಟು ಮಂಗ್ನಿ, ಅಂದರೆ ನಿಶ್ಚಿತಾರ್ಥ, ಎಂದು ಗೊತ್ತಾಯಿತು. ಜೊತೆಗೆ ಒಂದು ಮಾತು. ಖಾಜಾಸಾಬರ ಮನೆತನದಲ್ಲಿ ಅಜ್ಜನ ಕಾಲದಿಂದ ಒಂದು ಪದ್ಧತಿ ಇದೆ: ಅಳಿಯನಾಗುವವನ ಕೈಗೆ ಹೊಂದುವ ಚಾಕು ಮೊದಲೇ ಮಾಡಿ ಕಳಿಸುತ್ತಾರೆ. ಮಂಗ್ನಿಯ ದಿನ ಅವನು ಹಿರಿಯರೆದುರು ಅದನ್ನು ಬಿಚ್ಚಿ, ಪೇರಲ ಹಣ್ಣು ಕೊಯ್ದು ಎಲ್ಲರಿಗೂ ಹಂಚಬೇಕು. ತನ್ನ ಚಾಕು ತಾನು ಬಿಚ್ಚಲಾರದವನು ಆ ಮನೆಯ ಅಳಿಯನಲ್ಲ. ಅಜ್ಜನ ಕಾಲದಲ್ಲಿ ಒಬ್ಬನನ್ನು ಹಾಗೆ ವಾಪಸ್ ಕಳಿಸಿದ್ದೂ ಉಂಟಂತೆ.

ಒಂದು ವಾರದ ಮೇಲೆ, ಆ ಮಂಗಳವಾರ, ಚಾಕು ಬಂತು. ಎಮ್ಮೆ ಕೊಂಬಿನ ಹಿಡಿ, ಹೊಳೆಯುವ ಹಿತ್ತಾಳೆ ಮೊಳೆ, ಅಲಗಿನ ಬೆನ್ನಿಗೆ ಉಗುರು ಸಿಕ್ಕಿಸುವ ಸಣ್ಣ ಗೀರು. ಮುಜಾಹಿದ ಬಿಸ್ಮಿಲ್ಲಾ ಎಂದು ಹೆಬ್ಬೆರಳಿನ ಉಗುರು ಸಿಕ್ಕಿಸಿ ಎಳೆದ. ಉಗುರು ಮುರಿಯಿತು. ಚಾಕು ಇದ್ದಲ್ಲೇ ಇತ್ತು.

ಅವನು ಚೀರಿದ್ದು ಕೇಳಿ ಮೊದಲು ಬಂದವನು ಲಕ್ಷ್ಮಣ. ಅವನೂ ಎಳೆದ, ಉಗುರು ಚೀಪುತ್ತಾ ಕೂತ. ನಕಲಿಗೆ ಬಂದಿದ್ದ ಗುಮಾಸ್ತರೊಬ್ಬರು ಎಳೆದರು. ಛಾಪಾ ಕಾಗದ ಬರೆಯುವ ಮುನಶಿ ಕರವಸ್ತ್ರ ಸುತ್ತಿ ಎಳೆದ. ತಾಲೂಕು ಕಚೇರಿಯಲ್ಲಿ ಸಾಹೇಬರಿಗಾಗಿ ಕಾಯುತ್ತಿದ್ದ ಜನಕ್ಕೆ ಬೆಳಗಿನಿಂದ ಮೊದಲ ಸಲ ಒಂದು ಕೆಲಸ ಸಿಕ್ಕಿತು. ಅಂಗಡಿಯ ಮುಂದೆ ಸಾಲು ಹಚ್ಚಿದರು. ಗುಂಪು ಕಂಡು ಠಾಣೆಯ ಜಮಾದಾರರು ಬೈಕು ನಿಲ್ಲಿಸಿದರು. ಚಾಕು ಎಂಬ ಮಾತು ಕೇಳಿ ಮುಖ ಬಿಗಿ ಮಾಡಿಕೊಂಡು, ಆಯುಧ ಎಷ್ಟು ಉದ್ದವಿದೆಯೆಂದು ಅಳೆಯಲು ಅದನ್ನು ಬಿಚ್ಚಲು ಹೋದರು. ನಿಂತು ಎಳೆದರು, ಕೂತು ಎಳೆದರು, ಟೋಪಿ ತೆಗೆದು ಎಳೆದರು.

ಕೊನೆಗೆ ಟೋಪಿ ಹಾಕಿಕೊಂಡು ತೀರ್ಪು ಕೊಟ್ಟರು. “ಬಿಚ್ಚಾಕ ಬರಲಾರದ್ದು ಚಾಕು ಹ್ಯಾಂಗ ಆಗತೈತಿ? ಇದು ಕಬ್ಬಿಣದ ತುಂಡು. ಇಟ್ಕೋ.”

ಅಷ್ಟರಲ್ಲಿ ಗೊರೇಬಾಳದ ರೈಸ್ ಮಿಲ್ಲಿನ ಹಮಾಲಿ ಬಸ್ಸಪ್ಪ ಆಧಾರ್ ಕಾರ್ಡಿನ ನಕಲಿಗೆ ಬಂದ. ಎಪ್ಪತ್ತೈದು ಕೆಜಿ ಚೀಲವನ್ನು ದಿಂಬಿನ ಹಾಗೆ ಎತ್ತುವ ಆಸಾಮಿ. ಎಡಗೈಯಲ್ಲಿ ಬೀಡಿ ಹಿಡಿದುಕೊಂಡೇ ಬಲಗೈಯಲ್ಲಿ ಟಕ್ ಎಂದು ಬಿಚ್ಚಿದ, ಟಕ್ ಎಂದು ಮಡಚಿದ, ಚಲೋ ಐತಿ ಎಂದು ಕೌಂಟರಿನ ಮೇಲಿಟ್ಟು ಹೋದ. ಜನ ಚಪ್ಪಾಳೆ ತಟ್ಟಿದರು. ಮುಜಾಹಿದ ಒಬ್ಬನೇ ತಟ್ಟಲಿಲ್ಲ, ಹೆಬ್ಬೆರಳು ಬಾಯಲ್ಲಿತ್ತು.

ಮರುದಿನ ಲಿಂಗಸುಗೂರಿನಿಂದ ಖಾತೂನ್‌ಬೀ ಬಂದಿಳಿದರು. ಇವರು ಖಾಜಾಸಾಬರ ಅಕ್ಕ, ಅಸ್ಮಾಳಿಗೆ ಫುಫ್ಫು, ಅಂದರೆ ಸೋದರತ್ತೆ. ಸಿಟ್ಟು ಬಂದರೆ ದಖ್ಖನಿ ಉರ್ದು, ವಿಚಾರಣೆಗೆ ಕೂತರೆ ಕನ್ನಡ. ಎರಡರಲ್ಲೂ ಅವರೆದುರು ಗೆದ್ದವರಿಲ್ಲ. ಅಳಿಯನಾಗುವವನು ನಡುಬೀದಿಯಲ್ಲಿ ಪೊಲೀಸರಿಗೆ ಚಾಕು ತೋರಿಸಿದನೆಂದೂ, ಜಟಾಪಟಿಯಲ್ಲಿ ಹೆಬ್ಬೆರಳು ಕಳೆದುಕೊಂಡನೆಂದೂ ಅವರಿಗೆ ಸುದ್ದಿ ಮುಟ್ಟಿತ್ತು. ಬಂದವರೇ ಹೆಬ್ಬೆರಳು ತೋರಿಸು ಎಂದರು. ಮುಜಾಹಿದ ತೋರಿಸಿದ. ಪಟ್ಟಿ ಸುತ್ತಿತ್ತು, ಆದರೆ ಇತ್ತು. ಸಮಾಧಾನವಾಗಿ ಕುರ್ಚಿ ಎಳೆದುಕೊಂಡು ಕೂತು, ಈಗ ಚಾಕು ಬಿಚ್ಚಿ ತೋರಿಸು ಎಂದರು.

ಮುಜಾಹಿದನಿಗೆ ಬೆವರಿಳಿಯಿತು. ಬೆವರು ಇಳಿಯುವಾಗ ಮನುಷ್ಯನ ಬಾಯಿಂದ ಏನು ಬರುತ್ತದೆಂದು ಹೇಳುವುದು ಕಷ್ಟ. ಅವನ ಬಾಯಿಂದ ಇದು ಬಂತು: “ಫುಫ್ಫು, ಮಂಗ್ನಿ ದಿನ ಹಿರೇರ ಮುಂದ ಬಿಟ್ಟು ಅದನ್ನ ಬಿಚ್ಚಂಗಿಲ್ಲ ಅಂತ ನೇಮ ಮಾಡೀನ್ರಿ.”

ಖಾತೂನ್‌ಬೀಯ ಮುಖ ಕರಗಿತು. ಈ ಕಾಲದಲ್ಲಿ ಹಿರಿಯರ ಮೇಲೆ ಇಷ್ಟು ಅದಬು ಇಟ್ಟುಕೊಂಡ ಹುಡುಗ ಸಿಗುವುದುಂಟೇ ಎಂದು ಅವನ ತಲೆ ಸವರಿ, ಲಕ್ಷ್ಮಣನ ಹೋಟೆಲ್ಲಿನಲ್ಲಿ ಎರಡು ಕಪ್ ಚಹಾ ಕುಡಿದು, ವಾಪಸ್ ಹೋಗುವಾಗ ಮಸ್ಕಿಯಲ್ಲಿ ಇಳಿದು ಓಣಿಯಲ್ಲೆಲ್ಲ ಆ ನೇಮದ ಸುದ್ದಿ ಸಾರಿಯೇ ಬಸ್ ಹತ್ತಿದರು. ಒಂದು ವಾರದಲ್ಲಿ ಮುಜಾಹಿದನ ಹೆಸರು ಎಷ್ಟು ಎತ್ತರಕ್ಕೆ ಹೋಯಿತೆಂದರೆ ಅಲ್ಲಿಂದ ಬಿದ್ದರೆ ಎಲುಬು ಉಳಿಯುವಂತಿರಲಿಲ್ಲ.

ಖಾಜಾಸಾಬರ ಹತ್ತಿರ ಹೋಗಿ ಬಿಗಿ ಹೆಚ್ಚಾಯಿತೆಂದು ಹೇಳಿಬಿಡು ಎಂದು ಲಕ್ಷ್ಮಣ ಸಲಹೆ ಕೊಟ್ಟ.

“ಏನಂತ ಹೇಳ್ಲಿ ಲೇ? ಅವತ್ತ ಒತ್ತಿದ್ದು ನಾ ಅಲ್ಲ, ಲಕ್ಷ್ಮಣನ ಚಪಾತಿ ಹಿಟ್ಟು ಅಂತ ಹೇಳ್ಲೇನು?”

ಲಕ್ಷ್ಮಣ ಮಾತು ಬಿಟ್ಟು ಉಪಾಯಕ್ಕೆ ಇಳಿದ. ಕೊಬ್ಬರಿ ಎಣ್ಣೆ ಹಾಕಿಸಿದ. ಎಣ್ಣೆ ಸ್ಪ್ರಿಂಗಿಗೆ ಹೋಗುವ ಬದಲು ಅಲಗಿಗೆ ಹರಡಿತು. ಮೊದಲು ಉಗುರು ಸಿಕ್ಕಿಕೊಂಡಾದರೂ ಮುರಿಯುತ್ತಿತ್ತು, ಈಗ ಸಿಕ್ಕಿಕೊಳ್ಳುವುದೂ ನಿಂತಿತು. ಬಿಸಿನೀರಿನಲ್ಲಿ ಅದ್ದಿಸಿದ. ಚಾಕು ಬಿಸಿಯಾಯಿತು. ಇನ್ನೊಬ್ಬ ಕಮ್ಮಾರನಿಗೆ ಕೊಟ್ಟು ಸಡಿಲ ಮಾಡಿಸೋಣವೆಂದು ಲಿಂಗಸುಗೂರಿಗೂ ಹೋಗಿ ಬಂದರು. ಆ ಕಮ್ಮಾರ ಹಿಡಿ ನೋಡಿದವನೇ, ಖಾಜಾಸಾಬರ ಚಾಕುವಿಗೆ ನಾನು ಕೈ ಹಚ್ಚುವುದಿಲ್ಲ ಎಂದು ಎರಡೂ ಕೈ ಹಿಂದೆ ಕಟ್ಟಿಕೊಂಡ.

ಉಳಿದದ್ದು ಉಗುರು. ತಾಯಿ ದಿನಾ ಎರಡು ಮೊಟ್ಟೆ ತಿನ್ನಿಸಿದಳು. ಬರಬರುತ್ತಾ ಮುಜಾಹಿದನ ಉಗುರು ಸಾರ್ವಜನಿಕ ಆಸ್ತಿಯಾಯಿತು. ನಕಲಿಗೆ ಬಂದವರು ಮೊದಲು ಉಗುರು ವಿಚಾರಿಸಿ ಆಮೇಲೆ ಕಾಗದ ಕೊಡುತ್ತಿದ್ದರು. ಮುನಶಿ ವಾರಕ್ಕೊಮ್ಮೆ ಸ್ಕೇಲ್ ತಂದು ಅಳೆದುಹೋಗುತ್ತಿದ್ದ. ಜಮಾದಾರರು ಬೈಕಿನ ಮೇಲಿಂದಲೇ ಕೈ ಸನ್ನೆಯಲ್ಲಿ ಕೇಳುತ್ತಿದ್ದರು. ಐದು ವಾರ ಕಳೆಯುವಷ್ಟರಲ್ಲಿ ಅದು ಅಕ್ಕಿ ಕಾಳಿನಷ್ಟು ಮುಂದೆ ಬಂದಿತ್ತು.

ಮಂಗ್ನಿಯ ದಿನ ಖಾಜಾಸಾಬರ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನೇಮದ ಅಳಿಯನನ್ನು ನೋಡಲು ಕರೆಯದವರೂ ಬಂದಿದ್ದರು. ನಡುವೆ ಹಿತ್ತಾಳೆ ತಟ್ಟೆಯಲ್ಲಿ ಪೇರಲ ಹಣ್ಣು. ಒಳಗಿನ ಬಾಗಿಲ ಪರದೆಯ ಹಿಂದೆ ಅಸ್ಮಾ ನಿಂತಿದ್ದಾಳೆಂದು ಮುಜಾಹಿದನಿಗೆ ಗೊತ್ತಿತ್ತು. ಪರದೆಯ ಕೆಳಗೆ ಮೆಹಂದಿ ಹಚ್ಚಿದ ಪಾದಗಳು ಕಾಣುತ್ತಿದ್ದವು. ಖಾತೂನ್‌ಬೀ ಎದ್ದು ನಿಂತು, ಹುಡುಗ ಐದು ವಾರ ಈ ಚಾಕು ಬಿಚ್ಚದೆ ಕಾಯ್ದಿದ್ದಾನೆಂದು ಸಭೆಗೆ ತಿಳಿಸಿದರು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಮುಜಾಹಿದ ಉಗುರು ಸಿಕ್ಕಿಸಿ ಎಳೆದ. ಮುಖ ಕೆಂಪಾಯಿತು. ಎರಡನೆಯ ಸಲ ಎಳೆದ. ಕಿವಿಯೂ ಕೆಂಪಾಯಿತು. ಮೂರನೆಯ ಸಲಕ್ಕೆ ಅಕ್ಕಿ ಕಾಳು ಹಿಂದಕ್ಕೆ ಬಾಗಿತು. ಲಕ್ಷ್ಮಣ ಗಂಟಲು ಸರಿಮಾಡಿಕೊಂಡು, ಮೊದಲು ಊಟ ಆಗಲಿ, ಬಿರಿಯಾನಿ ಆರುತ್ತದೆ ಎಂದ. ಅವನನ್ನು ಯಾರೂ ಗಮನಿಸಲಿಲ್ಲ.

ಮುಜಾಹಿದ ಚಾಕುವನ್ನು ತಟ್ಟೆಯಲ್ಲಿಟ್ಟ. ಪರದೆಯ ಕೆಳಗಿನ ಪಾದಗಳನ್ನು ಒಮ್ಮೆ ನೋಡಿದ. ಇನ್ನು ಅವು ತನ್ನ ಮನೆಯ ಹೊಸ್ತಿಲು ದಾಟುವುದಿಲ್ಲ ಎಂದುಕೊಂಡ. ಆದರೂ ಹೇಳಿದ:

“ಮಾಮೂ, ಈ ಚಾಕು ನಂದಲ್ರಿ. ಅವತ್ತ ನಿಮ್ಮ ಕೈ ಒತ್ತಿದ್ದು ಹತ್ತು ದಿನ ಹಿಟ್ಟು ನಾದಿ ಕಲ್ತ ಒತ್ತು. ನೇಮ ಅಂದಿದ್ದೂ ಸುಳ್ಳು, ಬಿಚ್ಚಾಕ ಬರಲಿಲ್ಲ, ಅದಕ್ಕ ಅಂದೆ. ನಂದು ಕಾಗದ ತಿರುವೋ ಕೈ. ನಿಮ್ಮ ಮಗಳ ಮ್ಯಾಲೆ ಭಾಳ ಆಸೆ ಇಟ್ಕೊಂಡೀನ್ರಿ, ಆದ್ರ ಸುಳ್ಳ ಕೈ ಚಾಚಿ ಕೇಳಂಗಿಲ್ಲ.”

ಐದು ವಾರದ ಹಿಂದೆ ಕರಗಿದ್ದ ಖಾತೂನ್‌ಬೀ ಮತ್ತೆ ಗಟ್ಟಿಯಾದರು. ಮೊದಲ ಎರಡು ಮಾತು ದಖ್ಖನಿಯಲ್ಲಿ ಬಂದವು. ಅವನ್ನು ಇಲ್ಲಿ ಬರೆಯುವುದು ಬೇಡ. ಮೂರನೆಯದು ಕನ್ನಡದಲ್ಲಿ ತಮ್ಮನಿಗೆ: ಚಾಕು ಅಂದರೆ ಏನು, ಅದನ್ನು ಹೇಗೆ ಬಿಚ್ಚುತ್ತಾರೆ ಎಂದು ಈ ಕಾಗದದ ಸಾಹುಕಾರನಿಗೆ ಒಮ್ಮೆ ಬಿಚ್ಚಿ ತೋರಿಸು, ಆಮೇಲೆ ಇವನನ್ನು ಬಸ್ಸಿಗೆ ಹತ್ತಿಸೋಣ.

ಖಾಜಾಸಾಬರು ಚಾಕು ಎತ್ತಿಕೊಂಡರು. ಬೆರಳು ಗೀರನ್ನು ಹುಡುಕಿತು, ಸಿಗಲಿಲ್ಲ. ಸಿಕ್ಕಾಗ ಜಾರಿತು. ಮತ್ತೆ ಪ್ರಯತ್ನಿಸಿದರು. ನಲವತ್ತು ವರ್ಷ ಮೂರು ತಾಲೂಕಿನ ಕೈ ಅಳೆದ ಮನುಷ್ಯ ತನ್ನ ಹೆಸರಿನ ಚಾಕು ಬಿಚ್ಚಲಾರದೆ ಕೂತಿದ್ದನ್ನು ಸಭೆ ಕತ್ತು ಚಾಚಿ ನೋಡಿತು. ಮುಜಾಹಿದನಿಗೆ ತನ್ನ ಸಂಕಟ ಮರೆತು, ಈ ಹಿರಿಯರನ್ನು ಹೀಗೆ ನಿಲ್ಲಿಸಿದೆನಲ್ಲ ಎಂದು ಅಳು ಬಂತು.

ಆಗ ಪರದೆ ಸರಿಯಿತು. ಅಸ್ಮಾ ಬಂದವಳೇ ತಂದೆಯ ಕೈಯಿಂದ ಚಾಕು ತೆಗೆದುಕೊಂಡು, ಬಟಾಣಿ ಸುಲಿದಷ್ಟು ಸಲೀಸಾಗಿ ಬಿಚ್ಚಿದಳು. “ಇದನ್ನ ಮಾಡಿದಾಕಿ ನಾ ಅದೀನಿ,” ಎಂದಳು. “ಎರಡು ವರ್ಷ ಆತು, ಅಬ್ಬಾನ ಬೆರಳಿಗೆ ಏನೂ ತಿಳಿಯಂಗಿಲ್ಲ.”

ಸಕ್ಕರೆ ಕಾಯಿಲೆ ಖಾಜಾಸಾಬರ ಬೆರಳುಗಳಿಂದ ಸ್ಪರ್ಶವನ್ನು ಕದ್ದಿತ್ತು. ಅಂದಿನಿಂದ ಅವರು ಕೈ ಹಿಡಿದು ‘ಹೂಂ’ ಎನ್ನುವುದು ಬರೀ ನಾಟಕ. ಬಂದವನ ಕೆಲಸ ಕೇಳಿ ಒಂದು ಅಂದಾಜು ಮಾಡುತ್ತಿದ್ದರು, ಮಗಳು ಒಳಗೆ ಸ್ಪ್ರಿಂಗು ಉಜ್ಜುತ್ತಿದ್ದಳು. ಕಬ್ಬಿಣ ಬಡಿಯುವ ಹುಡುಗಿ ಎಂದು ತಿಳಿದರೆ ಸಂಬಂಧ ಬರುವುದಿಲ್ಲ ಎಂಬ ಹೆದರಿಕೆಗೆ ಎಲ್ಲ ಮುಚ್ಚಿಟ್ಟಿದ್ದರು.

ಖಾಜಾಸಾಬರು ತಲೆ ತಗ್ಗಿಸಿಯೇ ಮುಜಾಹಿದನಿಗೆ ಹೇಳಿದರು: “ಅವತ್ತ ನೀವು ಒತ್ತಿದ್ದು ನನಗ ತಿಳೀತು ನೋಡ್ರಿ. ಎರಡು ವರ್ಷದ ಮ್ಯಾಲೆ ಒಂದು ಕೈ ನನ್ನ ಕೈಗೆ ಗೊತ್ತಾತು. ಖುಷಿಗೆ ಬುದ್ಧಿ ಹೋತು. ಇವಂದು ಕಬ್ಬಿಣದ ಕೈ, ಎಲ್ಲಕ್ಕಿಂತ ಬಿಗಿ ಹಾಕು ಅಂತ ಮಗಳಿಗೆ ಅಂದೆ.”

ಈಗ ಸಭೆಯ ಕಣ್ಣು ಖಾತೂನ್‌ಬೀಯ ಕಡೆ ತಿರುಗಿತು. ಅವರು ಸೊಂಟದ ಎಲೆಯಡಿಕೆ ಸಂಚಿಯಿಂದ ತಮ್ಮ ಪುಟ್ಟ ಚಾಕು ಹೊರತೆಗೆದು, ಹೋದ ರಂಜಾನಿಗೆ ಮಾಡಿಕೊಟ್ಟದ್ದು ಯಾರು ಎಂದು ಕೇಳಿದರು. ಅಸ್ಮಾ ತಾನೇ ಎಂದಳು. ಖಾತೂನ್‌ಬೀ ಅದನ್ನು ಬಿಚ್ಚಿದರು, ಮಡಚಿದರು, ಮತ್ತೆ ಬಿಚ್ಚಿದರು. ಹಿಂದಿನದಕ್ಕಿಂತ ಇದೇ ಚಲೋ ಇದೆಯೆಂದು ಹತ್ತು ತಿಂಗಳಿಂದ ಲಿಂಗಸುಗೂರಿನ ತುಂಬ ಹೇಳಿಕೊಂಡು ಬಂದವರು ಅವರೇ. ಸಂಚಿಯೊಳಗೆ ಚಾಕು ಇಟ್ಟು ಕೂತುಬಿಟ್ಟರು. ಅವರು ಕೂತರೆಂದರೆ ತಕರಾರು ಮುಗಿದ ಹಾಗೆ.

ಮಗಳು ಈ ಕೆಲಸ ಬಿಡುವುದಿಲ್ಲ, ನಿಮಗೆ ನಡೆಯುತ್ತದೆಯೇ ಎಂದು ಖಾಜಾಸಾಬರು ಅಳುಕುತ್ತಾ ಕೇಳಿದರು. ಮುಜಾಹಿದನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ತನ್ನ ಅಂಗಡಿಯ ಹಿಂದಿನ ಕೋಣೆ ಖಾಲಿಯಿದೆ, ಆದರೆ ಅಲ್ಲಿ ಗಾಳಿ ಕಡಿಮೆ, ಕುಲುಮೆಗೆ ಕಿಟಕಿ ಒಡೆಸಬೇಕಾಗುತ್ತದೆ ಎಂದು ಗಂಭೀರವಾಗಿ ಲೆಕ್ಕ ಹಾಕತೊಡಗಿದ. ಪಡಸಾಲೆಯಲ್ಲಿ ನಗೆ ಎದ್ದಾಗಲೇ ಅವನಿಗೆ ತಾನು ಒಪ್ಪಿಕೊಂಡದ್ದೂ, ತನ್ನನ್ನು ಒಪ್ಪಿಕೊಂಡದ್ದೂ ತಿಳಿದದ್ದು.

ಪೇರಲ ಹಣ್ಣು ಇನ್ನೂ ಹಾಗೇ ಇತ್ತು. ಸ್ಪ್ರಿಂಗು ಈಗಲೇ ಸರಿಮಾಡಿ ತರುತ್ತೇನೆ, ಅಳತೆ ಬೇಕು ಎಂದು ಅಸ್ಮಾ ಮುಜಾಹಿದನೆದುರು ಕೈ ಚಾಚಿದಳು. ನಿಕಾಹಕ್ಕೆ ಮುಂಚೆ ಕೈ ಮುಟ್ಟುವುದೆಂದರೇನು ಎಂದು ಹಿಂದೆ ಯಾರೋ ಗೊಣಗಿದರು. ಖಾತೂನ್‌ಬೀ ತಮ್ಮ ದೊಡ್ಡ ಕರವಸ್ತ್ರ ಕೊಡವಿ ಅವಳ ಅಂಗೈ ಮೇಲೆ ಹಾಸಿ, ಅಳತೆಗೆ ಬಟ್ಟೆ ಅಡ್ಡ ಬರುವುದಿಲ್ಲ ಎಂದು ಫರ್ಮಾನು ಹೊರಡಿಸಿದರು.

ಮುಜಾಹಿದ ಕರವಸ್ತ್ರದ ಮೇಲೆ ಕೈಯಿಟ್ಟ. ಅಸ್ಮಾ ಹಿಡಿದುಕೊಂಡು ಕಾದಳು. ಸಭೆಯೂ ಕಾಯಿತು. ಸ್ವಲ್ಪ ಹೊತ್ತಾಯಿತು.

“ಒತ್ರಿ,” ಎಂದಳು.

“ಒತ್ತಾಕತ್ತೀನ್ರಿ.”

“ಪೂರಾ ಜೋರು?”

“ಇದ ಪೂರಾರೀ.”

ಲಕ್ಷ್ಮಣ ನಾಚಿಕೆಯಿಂದ ಗೋಡೆಯ ಕಡೆ ಮುಖ ತಿರುಗಿಸಿದ. ಅಸ್ಮಾ ಕಣ್ಣು ಮುಚ್ಚಲೂ ಇಲ್ಲ, ‘ಹೂಂ’ ಎನ್ನಲೂ ಇಲ್ಲ. ಅವನನ್ನೇ ನೋಡುತ್ತಾ, ಅಳತೆಗೆ ಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಕೈ ಹಿಡಿದುಕೊಂಡಿದ್ದಳು.

“ಸಾಕು,” ಎಂದಳು. “ನನಗ ಇಷ್ಟ ಸಾಕು.”